ಕ್ಷಮೆ ಬೇರೆ, ಕುರ್ಚಿ ಬೇರೆ

ಕಳೆದ ಸಂಚಿಕೆಯಲ್ಲಿ ವಿದೇಶಿ ಆನ್‌ಲೈನ್ ಡಿಗ್ರಿ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರ ಬರೆಯುವಾಗ ಅಮೆರಿಕದ ಲಿಬರ್ಟಿ ಅನ್ನೋ ಕ್ರೈಸ್ತ ವಿಶ್ವವಿದ್ಯಾಲಯದ ಹೆಸರು ಬಂದಿತ್ತು. ಅಲ್ಲಿನ ಹಳೇ ರಗಳೆಗಳ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ! ಬೈದವರೂ ಇದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಲಿಬರ್ಟಿಯಲ್ಲಿ ಡೀನ್ ಆಗಿದ್ದವರೊಬ್ಬರು ತಮ್ಮ ಜೀವನದ ಕಥೆಯನ್ನೇ ತಿರುಚಿ ಹೇಳುತ್ತಿದ್ದರು ಅಂತ ಬರೆದಿದ್ದೀರಿ. ದೇವರ ಸೇವೆಯಲ್ಲಿರುವವರ ಬಗ್ಗೆ ಹೀಗೆ ಬರೆಯುವ ಮುಂಚೆ ವಿಚಾರ ಮಾಡಿದ್ದೀರಾ? (ಓದುಗರು, ಮಂಗಳೂರು)

ವಿಚಾರ ಮಾಡಿಯೇ ಬರೆದದ್ದು. ನಾನು ಹೇಳಿದ್ದು ಎರ್ಗುನ್ ಕ್ಯಾನರ್ ಅವರ ಬಗ್ಗೆ. 2005ರಲ್ಲಿ ಲಿಬರ್ಟಿಯ ಸೆಮಿನರಿಗೆ, ಅಂದರೆ ಪಾಸ್ಟರ್‌ಗಳನ್ನು ತಯಾರು ಮಾಡುವ ವಿಭಾಗಕ್ಕೆ, ಡೀನ್ ಆದವರು. ಅವರ ಸಾಕ್ಷಿ, ಅಂದರೆ ತಾವು ಕ್ರೈಸ್ತರಾದ ಕಥೆ, ಕೇಳೋಕೆ ಜನ ಮುಗಿಬೀಳುತ್ತಿದ್ದರು. ನಮ್ಮ ಸಭೆಗಳಲ್ಲೂ ಅಷ್ಟೇ ಅಲ್ವಾ, 'ನಾನು ಮೊದಲು ಹೀಗಿದ್ದೆ, ಆಮೇಲೆ ಯೇಸು ನನ್ನನ್ನು ಹಿಡಿದರು' ಅನ್ನೋ ಸಾಕ್ಷಿಯಲ್ಲಿ ಮೊದಲಿನ ಬದುಕು ಎಷ್ಟು ಭಯಂಕರವಾಗಿದ್ದರೆ ಅಷ್ಟು ಜನ ಸೇರುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರದ ಅಮೆರಿಕದಲ್ಲಿ ಕ್ಯಾನರ್ ಹೇಳಿದ ಕಥೆಗೆ ಭಾರೀ ಬೇಡಿಕೆ ಇತ್ತು: ನಾನು ಟರ್ಕಿಯಲ್ಲಿ ಬೆಳೆದೆ, ಜಿಹಾದ್‌ಗೆ ತಯಾರಾಗಿದ್ದೆ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದೆ.

ನಿಜಾಂಶ ಏನು? ತಂದೆ ಟರ್ಕಿಯವರು, ಮುಸ್ಲಿಮರು, ಅದು ಸರಿ. ಆದರೆ ಮಗ ಹುಟ್ಟಿದ್ದು ಸ್ವೀಡನ್‌ನಲ್ಲಿ. ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಕುಟುಂಬ ಅಮೆರಿಕದ ಓಹಿಯೋಗೆ ಬಂದಿತ್ತು. ಅಲ್ಲೇ ಬೆಳೆದದ್ದು, ಅಲ್ಲೇ ಓದಿದ್ದು. ಇದನ್ನು ಹೊರಗೆ ತಂದವರು ವಿಶ್ವವಿದ್ಯಾಲಯದವರಲ್ಲ. ಕೆಲವು ಮುಸ್ಲಿಮರು ಮತ್ತು ಕೆಲವು ಕ್ರೈಸ್ತರು ಅವರ ಹಳೇ ಭಾಷಣಗಳ ವಿಡಿಯೋ ಹುಡುಕಿ, ಒಂದರ ಪಕ್ಕ ಒಂದು ಇಟ್ಟು, ತಂದೆ ತಾಯಿಯ ವಿಚ್ಛೇದನದ ಕೋರ್ಟ್ ಕಾಗದಗಳ ಜೊತೆ ತಾಳೆ ನೋಡಿದರು. ಒಬ್ಬರಂತೂ, ಕ್ಯಾನರ್ ಅಮೆರಿಕದ ಮರೈನ್ ಸೈನಿಕರಿಗೆ 2005ರಲ್ಲಿ ಮಾಡಿದ ಭಾಷಣದ ವಿಡಿಯೋವನ್ನು ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಸೈನ್ಯದಿಂದಲೇ ತರಿಸಿಕೊಂಡರು. ಸೈನ್ಯಕ್ಕೇ ಅರ್ಜಿ ಹಾಕಿ ಪಾಸ್ಟರ್ ಭಾಷಣ ತರಿಸಿಕೊಳ್ಳೋದು! ಆ ಛಲಕ್ಕೆ ನಾನು ಕೈ ಮುಗಿದೆ.

2010ರಲ್ಲಿ ಲಿಬರ್ಟಿ ಸಮಿತಿ ಮಾಡಿ ತನಿಖೆ ನಡೆಸಿತು. ಜೂನ್‌ನಲ್ಲಿ ಬಂದ ಹೇಳಿಕೆಯ ಸಾರ ಇಷ್ಟು: ಕ್ಯಾನರ್ ಮುಸ್ಲಿಮರಾಗಿದ್ದು ಹದಿಹರೆಯದಲ್ಲಿ ಕ್ರೈಸ್ತರಾದದ್ದನ್ನು ಅನುಮಾನಿಸಲು ಕಾರಣ ಸಿಕ್ಕಿಲ್ಲ, ಆದರೆ ದಿನಾಂಕ, ಹೆಸರು, ವಾಸವಿದ್ದ ಊರು ಇಂಥವುಗಳ ಬಗ್ಗೆ ಅವರು ಒಂದಕ್ಕೊಂದು ಹೊಂದದ ಮಾತುಗಳನ್ನಾಡಿದ್ದಾರೆ. 'ಸುಳ್ಳು' ಅನ್ನೋ ಪದ ಅಲ್ಲಿಲ್ಲ ನೋಡಿ. ಡೀನ್ ಹುದ್ದೆ ಮುಂದುವರಿಸಲಿಲ್ಲ. ಮೇಷ್ಟ್ರ ಕೆಲಸದಲ್ಲಿ ಇಟ್ಟುಕೊಂಡರು. ಕ್ಯಾನರ್ ತಮ್ಮ ಕಡೆಯಿಂದ, ಬಾಯಿ ತಪ್ಪಿ ಬಂದ ಮಾತುಗಳು, ಬೇಕೂಂತ ಯಾರಿಗೂ ಮೋಸ ಮಾಡಿಲ್ಲ ಅಂದಿದ್ದರು. ಒಂದೆರಡು ಸಲ ಬಾಯಿ ತಪ್ಪೋದು ಸರಿ. ಹುಟ್ಟಿ ಬೆಳೆದ ಊರೇ ವರ್ಷಗಟ್ಟಲೆ ತಪ್ಪಿ ಹೋಗುತ್ತಾ?

ಪ್ರಶ್ನೆ: ತಪ್ಪು ಒಪ್ಪಿಕೊಂಡವರನ್ನು ಕ್ಷಮಿಸುವುದೇ ಕ್ರೈಸ್ತ ಧರ್ಮ. ದೇವರು ದಾವೀದನನ್ನೂ ಕ್ಷಮಿಸಿದರು, ಅವನು ಅರಸನಾಗಿಯೇ ಉಳಿದ. ನಿಮ್ಮದೇನು ತಕರಾರು? (ಓದುಗರು, ಗದಗ)

ಈ ಪ್ರಶ್ನೆ ತುಂಬ ಜನ ಕೇಳಿದ್ದಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮುಂದಿನ ಕಥೆ ಕೇಳಿ. ಕ್ಯಾನರ್ ಲಿಬರ್ಟಿ ಬಿಟ್ಟು 2011ರಲ್ಲಿ ಟೆಕ್ಸಾಸ್‌ನ ಇನ್ನೊಂದು ಬ್ಯಾಪ್ಟಿಸ್ಟ್ ಕಾಲೇಜಿನಲ್ಲಿ ಆಡಳಿತದ ಹುದ್ದೆಗೆ ಸೇರಿದರು. 2013ರ ಕೊನೆಗೆ ಜಾರ್ಜಿಯಾ ರಾಜ್ಯದ ಬ್ರೂಟನ್-ಪಾರ್ಕರ್ ಕಾಲೇಜು ಅವರನ್ನು ಅಧ್ಯಕ್ಷರನ್ನಾಗಿಯೇ ಆರಿಸಿತು. ಅದು ಸಣ್ಣ ಕಾಲೇಜು. ಮಾನ್ಯತೆ ಕೊಡುವ ಸಂಸ್ಥೆಯ ಜೊತೆ ಆಗಲೇ ತಾಪತ್ರಯ ಇತ್ತು. ಅಂಥ ಹೊತ್ತಿನಲ್ಲಿ ತಲೆಯಾಗಿ ತಂದದ್ದು ಇವರನ್ನು. ಆಗ ಅಲ್ಲಿನ ಟ್ರಸ್ಟಿಯೊಬ್ಬರು ಕೊಟ್ಟ ಕಾರಣ ಕೇಳಿದರೆ ನಿಮಗೂ ಒಂದು ಥರ ಅನಿಸಬಹುದು: ಇವರ ಮೇಲೆ ಇಷ್ಟೆಲ್ಲ ದಾಳಿ ನಡೆದರೂ ಪರವಾಗಿಲ್ಲ ಅಂತ ಆರಿಸಿದ್ದಲ್ಲ, ದಾಳಿಗಳನ್ನು ಎದುರಿಸಿ ನಿಂತರು ಅಂತಲೇ ಆರಿಸಿದ್ದು! ಅಂದರೆ ಪ್ರಶ್ನೆ ಕೇಳಿದವರು ಶತ್ರುಗಳು, ಉತ್ತರ ಕೊಡದೆ ನಿಂತವರು ಯೋಧರು. 2015ರ ಜನವರಿಯಲ್ಲಿ ಅವರು ಆ ಹುದ್ದೆಯನ್ನೂ ಬಿಟ್ಟರು.

ಇದರ ಮಧ್ಯೆ, 2013ರಲ್ಲಿ, ತಮ್ಮ ವಿಡಿಯೋ ಹಾಕಿದ ಇಬ್ಬರ ಮೇಲೆ ಕ್ಯಾನರ್ ಕಾಪಿರೈಟ್ ಕೇಸು ಹಾಕಿದ್ದರು. ಕೇಸು ನಿಲ್ಲಲಿಲ್ಲ. ಮರೈನ್ ವಿಡಿಯೋ ತರಿಸಿದವರ ವಕೀಲರ ಖರ್ಚನ್ನೂ ಇವರೇ ಕೊಡಬೇಕು ಅಂತ ಕೋರ್ಟ್ ಹೇಳಿತು. ಸಾಕ್ಷಿ ಹೇಳಿದ್ದು ಸಾವಿರಾರು ಜನರ ಮುಂದೆ, ಅದನ್ನು ಮತ್ತೆ ತೋರಿಸಿದರೆ ಕಾಪಿರೈಟ್. ಇದು ಪಶ್ಚಾತ್ತಾಪದ ಲಕ್ಷಣವಾ, ನೀವೇ ಹೇಳಿ.

ಈಗ ದಾವೀದನ ಮಾತಿಗೆ ಬರೋಣ, ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಯುದ್ಧದಲ್ಲಿ ಸಾಯಿಸಿದ ಬೈಬಲ್ಲಿನ ಅರಸ. ಆ ಕಥೆಯಲ್ಲಿ ನಾತಾನ ಅಂತ ಒಬ್ಬ ಪ್ರವಾದಿ ಇದ್ದಾನೆ, ಅವನನ್ನು ಎಲ್ಲರೂ ಮರೆತುಬಿಡುತ್ತಾರೆ. ಅರಮನೆಗೆ ನೇರವಾಗಿ ಬಂದು, ಅರಸನ ಮುಖಕ್ಕೇ 'ಆ ಮನುಷ್ಯ ನೀನೇ' ಅಂದವನು. ದಾವೀದ ಅವನ ಮೇಲೆ ಕೇಸು ಹಾಕಲಿಲ್ಲ, ಊರು ಬಿಡಿಸಲಿಲ್ಲ. ತಪ್ಪು ಒಪ್ಪಿಕೊಂಡದ್ದು ಆಮೇಲೆ. ಕ್ಷಮೆ ಬಂದದ್ದು ಅದಕ್ಕೂ ಆಮೇಲೆ. ನಮ್ಮವರು ನಾತಾನನನ್ನು ಬಾಗಿಲಲ್ಲೇ ತಡೆದು, ನೇರ ಕ್ಷಮೆಯ ಭಾಗ ಓದುತ್ತಾರೆ.

ಕ್ಷಮಿಸಿ, ಖಂಡಿತ ಕ್ಷಮಿಸಿ. ಸಭೆಗೆ ಸೇರಿಸಿಕೊಳ್ಳಿ, ಮನೆಗೆ ಊಟಕ್ಕೆ ಕರೀರಿ. ಆದರೆ ಕ್ಷಮೆ ಸಿಕ್ಕ ಮನುಷ್ಯನಿಗೆ ಅಧ್ಯಕ್ಷನ ಕುರ್ಚಿಯನ್ನೂ ಕೊಡಲೇಬೇಕು ಅಂತ ಎಲ್ಲಿದೆ? ತಿಮೊಥೆಯನಿಗೆ ಬರೆದ ಪತ್ರದಲ್ಲಿ ಪೌಲನೇ ಹೇಳುತ್ತಾನೆ: ಹಿರಿಯನ ಮೇಲೆ ದೂರು ಬಂದರೆ ಇಬ್ಬರು ಮೂವರು ಸಾಕ್ಷಿಗಳಿರಬೇಕು, ತಪ್ಪು ಮಾಡುತ್ತಿದ್ದರೆ ಎಲ್ಲರ ಮುಂದೆಯೇ ಗದರಿಸಬೇಕು. ಮೊದಲ ಅರ್ಧವನ್ನು ಎಲ್ಲ ಆಡಳಿತ ಮಂಡಳಿಯವರೂ ಬಾಯಿಪಾಠ ಮಾಡಿದ್ದಾರೆ.

ಪ್ರಶ್ನೆ: ಲಿಬರ್ಟಿಯ ಅಧ್ಯಕ್ಷರ ಕೆಲಸ ಹೋದದ್ದು ಒಂದು ಫೋಟೋದಿಂದ ಅಂತಾರಲ್ಲ, ನಿಜವಾ? ಅಷ್ಟು ಸಣ್ಣ ವಿಷಯಕ್ಕಾ? (ಓದುಗರು, ಬೆಂಗಳೂರು)

ಫೋಟೋ ಕೊನೆಯ ಕಡ್ಡಿ ಅಷ್ಟೇ. ಒಲೆ ಯಾವಾಗಿಂದಲೋ ಉರಿಯುತ್ತಿತ್ತು.

ಲಿಬರ್ಟಿ ಶುರುವಾದದ್ದು 1971ರಲ್ಲಿ, ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ. ಕಟ್ಟಿದವರು ಜೆರಿ ಫಾಲ್ವೆಲ್ ಅನ್ನೋ ಹೆಸರಾಂತ ಪಾಸ್ಟರ್. 2007ರಲ್ಲಿ ಅವರು ತೀರಿಕೊಂಡಾಗ ಅದೇ ಹೆಸರಿನ ಮಗ ಅಧ್ಯಕ್ಷರಾದರು. ಮಗ ಪಾಸ್ಟರ್ ಅಲ್ಲ, ವಕೀಲರು. ವ್ಯವಹಾರದಲ್ಲಿ ಚುರುಕು. ಆನ್‌ಲೈನ್ ಕೋರ್ಸ್‌ಗಳಿಂದ ವಿಶ್ವವಿದ್ಯಾಲಯ ಲಕ್ಷ ವಿದ್ಯಾರ್ಥಿಗಳನ್ನು ದಾಟಿ ಬೆಳೆಯಿತು, ದುಡ್ಡೂ ಬಂತು. ದುಡ್ಡು ತರುವವರನ್ನು ಯಾರು ಪ್ರಶ್ನೆ ಕೇಳುತ್ತಾರೆ?

ಒಬ್ಬರು ಕೇಳಿದರು. ಮಾರ್ಕ್ ಡಿಮಾಸ್ ಅಂತ, ಟ್ರಸ್ಟಿ, ಕಾರ್ಯಕಾರಿ ಸಮಿತಿಯ ಮುಖ್ಯಸ್ಥರು, ತಂದೆ ಫಾಲ್ವೆಲ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಕ್ಯಾಂಪಸ್ಸಿನ ದೊಡ್ಡ ಕಟ್ಟಡಕ್ಕೆ ಅವರ ತಂದೆಯ ಹೆಸರೇ ಇದೆ. 2016ರಲ್ಲಿ ಮಗ ಫಾಲ್ವೆಲ್ ಡೊನಾಲ್ಡ್ ಟ್ರಂಪ್‌ಗೆ ಬೆಂಬಲ ಘೋಷಿಸಿದ್ದು ಸರಿಯಲ್ಲ ಅಂತ ಡಿಮಾಸ್ ಪತ್ರಿಕೆಗೆ ಹೇಳಿದರು. ಕೆಲವೇ ವಾರಗಳಲ್ಲಿ ಸಮಿತಿಯಿಂದ ಇಳಿಯಿರಿ ಅಂತ ಅವರಿಗೇ ಹೇಳಿದರು. ಅವರು ಮಂಡಳಿಯನ್ನೇ ಬಿಟ್ಟು ಹೊರಟರು. ಕಟ್ಟಡದ ಮೇಲೆ ಅಪ್ಪನ ಹೆಸರಿದ್ದವರ ಗತಿಯೇ ಹೀಗಾದರೆ, ಉಳಿದ ಟ್ರಸ್ಟಿಗಳು ಬಾಯಿ ಬಿಡುತ್ತಾರಾ? ನನ್ನ ಪ್ರಕಾರ ಲಿಬರ್ಟಿ ಹಾಳಾಗಲು ಶುರುವಾದದ್ದು ಆವತ್ತು, 2020ರಲ್ಲಲ್ಲ.

ಇನ್ನು ಫೋಟೋ. 2020ರ ಆಗಸ್ಟ್. ವಿಹಾರದ ದೋಣಿಯೊಂದರಲ್ಲಿ ಅಧ್ಯಕ್ಷರು ಪ್ಯಾಂಟಿನ ಜಿಪ್ ಬಿಚ್ಚಿ, ಪತ್ನಿಯಲ್ಲದ ಹೆಂಗಸೊಬ್ಬರ ಪಕ್ಕ ನಿಂತಿದ್ದಾರೆ, ಕೈಯಲ್ಲಿ ಲೋಟ. ಲೋಟದಲ್ಲಿರೋದು ಬರೀ ಕಪ್ಪು ನೀರು ಅಂತ ಅವರೇ ಬರೆದು ಇನ್‌ಸ್ಟಾಗ್ರಾಂಗೆ ಹಾಕಿದ್ದರು. ಅವರ ವಿದ್ಯಾರ್ಥಿಗಳಿಗೆ 'ಲಿಬರ್ಟಿ ವೇ' ಅನ್ನೋ ನಿಯಮಪುಸ್ತಕ ಇದೆ: ಕುಡಿಯಬಾರದು, ಮದುವೆಗೆ ಮುಂಚೆ ದೈಹಿಕ ಸಂಬಂಧ ಕೂಡದು, ತಪ್ಪಿದರೆ ಶಿಕ್ಷೆ. ಆ ಪುಸ್ತಕ ಅಧ್ಯಕ್ಷರ ಮನೆ ಹೊಸ್ತಿಲಲ್ಲೇ ನಿಂತಿತ್ತು ಅಂತ ಕಾಣುತ್ತೆ. ಅದಾಗಿ ಕೆಲವೇ ವಾರಗಳಲ್ಲಿ, ಪತ್ನಿಗೆ ಯುವಕನೊಬ್ಬನ ಜೊತೆ ಇದ್ದ ಸಂಬಂಧದ ವಿಷಯ ಹೊರಬಂತು, ಅದರಲ್ಲಿ ತನ್ನ ಪಾತ್ರ ಏನೂ ಇಲ್ಲ ಅಂತ ಫಾಲ್ವೆಲ್ ಹೇಳಿದರೂ ಆ ಯುವಕ ಬೇರೆಯೇ ಹೇಳಿದ, ಅಲ್ಲಿಗೆ ರಾಜೀನಾಮೆ.

ಮನೆಯೊಳಗಿನ ಕಥೆ ಓದೋಕೆ ಎಲ್ಲರಿಗೂ ಕುತೂಹಲ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಸಂಸ್ಥೆಯ ಮಟ್ಟಿಗೆ ಮುಖ್ಯವಾದದ್ದು 2021ರಲ್ಲಿ ಲಿಬರ್ಟಿಯೇ ಫಾಲ್ವೆಲ್ ಮೇಲೆ ಹಾಕಿದ ಕೇಸಿನಲ್ಲಿತ್ತು. ಈ ಪ್ರಕರಣದಿಂದ ತೊಂದರೆ ಬರಬಹುದು ಅಂತ ಗೊತ್ತಿದ್ದೂ ಅದನ್ನು ಮುಚ್ಚಿಟ್ಟು, 2019ರಲ್ಲಿ ಕೆಲಸ ಬಿಟ್ಟರೂ ಕೈತುಂಬ ಹಣ ಸಿಗುವಂಥ ಹೊಸ ಕರಾರು ಮಾಡಿಸಿಕೊಂಡರು ಅನ್ನೋದು ಆರೋಪ. ಫಾಲ್ವೆಲ್ ಒಪ್ಪಲಿಲ್ಲ. 2024ರ ಜುಲೈಯಲ್ಲಿ ರಾಜಿಯಾಯಿತು. ಫಾಲ್ವೆಲ್ ತಪ್ಪಾಯಿತು ಅಂದರು, ಮಂಡಳಿಯೂ ತನ್ನ ಕಡೆ ತಪ್ಪಾಗಿದೆ ಅಂತ ಕ್ಷಮೆ ಕೇಳಿತು. ಏನೇನು ತಪ್ಪು, ಪಟ್ಟಿ ಕೊಡಿ ಅಂತ ನಾನಾಗಿದ್ದರೆ ಕೇಳುತ್ತಿದ್ದೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಲಿಬರ್ಟಿಗೆ 1 ಕೋಟಿ 40 ಲಕ್ಷ ಡಾಲರ್ ದಂಡ ಹಾಕಿತು. ಕ್ಲೆರಿ ಕಾಯ್ದೆಯಡಿ ಆವರೆಗೆ ಹಾಕಿದ ದಂಡಗಳಲ್ಲಿ ಅದೇ ದೊಡ್ಡದು. 1986ರಲ್ಲಿ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದ ಜೀನ್ ಕ್ಲೆರಿ ಅನ್ನೋ ವಿದ್ಯಾರ್ಥಿನಿಯ ತಂದೆ ತಾಯಿ ಹೋರಾಡಿ 1990ರಲ್ಲಿ ತರಿಸಿದ ಕಾಯ್ದೆ ಅದು. ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ವಿಶ್ವವಿದ್ಯಾಲಯ ಪ್ರತಿ ವರ್ಷ ಬಹಿರಂಗಪಡಿಸಬೇಕು. ಲಿಬರ್ಟಿ ಆ ಲೆಕ್ಕ ಸರಿಯಾಗಿ ಕೊಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಲೈಂಗಿಕ ದೌರ್ಜನ್ಯದ ದೂರು ಕೊಡಲು ವಿದ್ಯಾರ್ಥಿನಿಯರು ಹೆದರುತ್ತಿದ್ದರು, ಯಾಕಂದ್ರೆ 'ಆವತ್ತು ನೀನು ಕುಡಿದಿದ್ದೆಯಾ, ಹುಡುಗನ ಕೋಣೆಗೆ ಯಾಕೆ ಹೋದೆ' ಅಂತ ಅದೇ ನಿಯಮಪುಸ್ತಕ ತೆಗೆದು ಇವರನ್ನೇ ಹಿಡಿಯುವ ಭಯ. ಫೋಟೋ ಸಣ್ಣ ವಿಷಯ ಅನ್ನೋ ನಿಮ್ಮ ಮಾತು ಒಪ್ಪುತ್ತೇನೆ. ಇದು ಸಣ್ಣದಲ್ಲ.

ಪ್ರಶ್ನೆ: ಕ್ರೈಸ್ತ ಸಂಸ್ಥೆಗಳ ಮೇಲೇ ಯಾಕೆ ಕಣ್ಣು? ಬೇರೆಯವರ ಮಠ, ಟ್ರಸ್ಟ್‌ಗಳಲ್ಲಿ ಇಲ್ವಾ? (ಓದುಗರು, ಶಿವಮೊಗ್ಗ)

ಇದೆ. ಅಪ್ಪ ಕಟ್ಟಿದ್ದು, ಮಗನ ಕೈಗೆ ಹೋದದ್ದು, ಮಂಡಳಿ ತುಂಬ ಮನೆಯವರು, ಇದಕ್ಕೆ ಯಾವ ಧರ್ಮವೂ ಹೊರತಲ್ಲ. ಪ್ರಶ್ನೆ ಕಳಿಸಿ, ಬರೆಯೋಣ.

ಪ್ರಶ್ನೆ: ಕೆಟ್ಟದ್ದನ್ನೇ ಹೇಳುತ್ತೀರಿ. ಸರಿಪಡಿಸಿಕೊಂಡವರು ಯಾರೂ ಇಲ್ವಾ? (ಓದುಗರು, ಹುಬ್ಬಳ್ಳಿ)

ಇದ್ದಾರೆ. ಓಕ್ಲಹೋಮಾದ ಟಲ್ಸಾದಲ್ಲಿ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯ ಅಂತಿದೆ, 1963ರದ್ದು. ಅಲ್ಲೂ ಅಪ್ಪನ ನಂತರ ಮಗ, ರಿಚರ್ಡ್ ರಾಬರ್ಟ್ಸ್. 2007ರಲ್ಲಿ ಅಲ್ಲಿಂದ ಹೊರಬಂದ ಮೂವರು ಪ್ರಾಧ್ಯಾಪಕರು ಕೇಸು ಹಾಕಿ, ಸಂಸ್ಥೆಯ ಹಣ ಮತ್ತು ವಿಮಾನವನ್ನು ಕುಟುಂಬ ಸ್ವಂತಕ್ಕೆ ಬಳಸುತ್ತಿದೆ ಅಂತ ಆರೋಪಿಸಿದರು. ರಿಚರ್ಡ್ ಅಲ್ಲಗಳೆದರು. ಆದರೆ ನವೆಂಬರ್‌ನಲ್ಲಿ ಹುದ್ದೆ ಬಿಟ್ಟರು. ಸಂಸ್ಥೆ ಸಾಲದಲ್ಲಿ ಮುಳುಗಿತ್ತು. ಆಗ ಮಾರ್ಟ್ ಗ್ರೀನ್ ಅನ್ನೋ ಶ್ರೀಮಂತ ವ್ಯಾಪಾರಿ 7 ಕೋಟಿ ಡಾಲರ್ ಕೊಡಲು ಮುಂದೆ ಬಂದರು. ಸುಮ್ನೆ ಕೊಡಲಿಲ್ಲ. ಮೊದಲು 80 ಲಕ್ಷ, ಉಳಿದದ್ದು ಆಡಳಿತ ಸರಿಹೋದರೆ ಮಾತ್ರ ಅಂದರು. ಹಳೇ ಮಂಡಳಿ ಹೋಗಿ ಹೊಸದು ಬಂತು, ಕುಟುಂಬದ ಹೊರಗಿನವರು ಅಧ್ಯಕ್ಷರಾದರು. ಪ್ರಾರ್ಥನೆಯಿಂದ ಸರಿಹೋಯ್ತು ಅನ್ನೋರೂ ಇದ್ದಾರೆ, ಇರಲಿ. ಚೆಕ್ಕಿನ ಜೊತೆ ಷರತ್ತು ಇಟ್ಟವರ ಪಾಲೂ ಅದರಲ್ಲಿದೆ. ಕಾಣಿಕೆ ಹಾಕುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು.

ಪ್ರಶ್ನೆ: ಮಗಳನ್ನು ಕ್ರೈಸ್ತ ಸಂಸ್ಥೆಗೇ ಸೇರಿಸಬೇಕು ಅಂತಿದ್ದೇವೆ. ಆಡಳಿತ ಹೇಗಿದೆ ಅಂತ ನಮ್ಮಂಥವರು ತಿಳಿಯೋದು ಹೇಗೆ? (ಓದುಗರು, ಮೈಸೂರು)

ಪ್ರಾಸ್ಪೆಕ್ಟಸ್ಸಿನ ಬೈಬಲ್ ವಾಕ್ಯ ಬಿಟ್ಟು ಉಳಿದದ್ದು ನೋಡಿ.

ಅಮೆರಿಕದ್ದಾದರೆ ಲಾಭವಿಲ್ಲದ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಯಾರು ಬೇಕಾದರೂ ಓದಬಹುದು. ಅಧ್ಯಕ್ಷರ ಸಂಬಳ ಎಷ್ಟು, ಟ್ರಸ್ಟಿಗಳ ಜೊತೆ ಸಂಸ್ಥೆಗೆ ವ್ಯವಹಾರ ಇದೆಯಾ, ಎಲ್ಲ ಅದರಲ್ಲಿರುತ್ತೆ. ಕ್ಲೆರಿ ವರದಿ ಪ್ರತಿ ಅಕ್ಟೋಬರ್ 1ರೊಳಗೆ ವೆಬ್‌ಸೈಟಿನಲ್ಲಿ ಬರಬೇಕು. ಸಾವಿರಾರು ಮಕ್ಕಳಿರುವ ಕ್ಯಾಂಪಸ್ಸಿನಲ್ಲಿ ಎಲ್ಲ ಕಡೆ ಸೊನ್ನೆ ಇದ್ದರೆ ಖುಷಿಪಡಬೇಡಿ, ಅನುಮಾನಪಡಿ.

ನಮ್ಮಲ್ಲಾದರೆ ಸೊಸೈಟಿಯಾಗಿ ನೋಂದಣಿಯಾಗಿರುವ ಸಂಸ್ಥೆ ಪ್ರತಿ ವರ್ಷ ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಹಾಗೆ ಹೇಳುತ್ತೆ. ಸರ್ಕಾರದ ಅನುದಾನದ ಮೇಲೇ ಹೆಚ್ಚಾಗಿ ನಡೆಯುವ ಕಾಲೇಜಾದರೆ ಮಾಹಿತಿ ಹಕ್ಕಿನ ಅರ್ಜಿಯೂ ನಡೆಯುತ್ತೆ, ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಮಗಳ ವಿಷಯಕ್ಕೆ ಇನ್ನೊಂದು: ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಸದಸ್ಯರು ಯಾರು, ಹೊರಗಿನ ಸದಸ್ಯರು ಯಾರು ಅಂತ ಕೇಳಿ. ಹೆಸರು, ಫೋನ್ ನಂಬರ್ ಬೋರ್ಡಿನಲ್ಲಿದ್ದರೆ ಒಂದು ಕರೆ ಮಾಡಿ ನೋಡಿ. ಯಾರಾದರೂ ಎತ್ತುತ್ತಾರಾ ಅಂತ.