ಮೊದಲ ಟ್ರಯಥ್ಲಾನ್: ಹಿನ್ನೀರಿಗೆ ಇಳಿದ ಕೂಡಲೇ ಉಸಿರು ಕಟ್ಟಿದರೆ?

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 36. ಪೂಲ್‌ನಲ್ಲಿ ನಿಲ್ಲದೆ ಒಂದು ಕಿಲೋಮೀಟರ್ ಈಜುತ್ತೇನೆ. ಆ ಧೈರ್ಯದಲ್ಲೇ ಮೊದಲ ಸಲ ಟ್ರಯಥ್ಲಾನ್‌ಗೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆಗೆ, ಹೆಸರು ಕೊಟ್ಟೆ. ಹಿನ್ನೀರಿನಲ್ಲಿ 750 ಮೀಟರ್ ಈಜಬೇಕಿತ್ತು. ನೂರು ಮೀಟರ್ ಕೂಡ ಹೋಗಿರಲಿಲ್ಲ, ಉಸಿರು ಕಟ್ಟಿದ ಹಾಗಾಯಿತು. ಯಾರದೋ ಕಾಲು ತಗುಲಿ ಗಾಗಲ್ಸ್ ಕಿತ್ತು ಬಂತು. ಕಾವಲಿಗಿದ್ದ ಕಯಾಕ್ (ಪುಟ್ಟ ದೋಣಿ) ಹಿಡಿದುಕೊಂಡೆ. ಇನ್ನು ಔಟ್ ಅಂದುಕೊಂಡು ದಡಕ್ಕೆ ವಾಪಸ್ ಬಂದುಬಿಟ್ಟೆ. ಪೂಲ್‌ನಲ್ಲಿ ಬರುವ ಈಜು ಅಲ್ಲಿ ಯಾಕೆ ಕೈಕೊಟ್ಟಿತು?

ಉತ್ತರ: ಮೊದಲು ಕಯಾಕ್ ವಿಷಯ ಹೇಳಿಬಿಡುತ್ತೇನೆ ಮೇಡಂ. ನೀವು ಔಟ್ ಆಗಿರಲಿಲ್ಲ. ಟ್ರಯಥ್ಲಾನ್ ನಿಯಮದಲ್ಲಿ ನಿಂತ ದೋಣಿಯನ್ನೋ ತೇಲುವ ಗುರುತನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು. ಅದನ್ನು ಹಿಡಿದು ಮುಂದಕ್ಕೆ ಸಾಗಬಾರದು, ಅಷ್ಟೇ. ಎರಡು ನಿಮಿಷ ಅಲ್ಲೇ ಇದ್ದು ಮತ್ತೆ ಈಜಬಹುದಿತ್ತು. ಇದನ್ನು ಆಯೋಜಕರು ಬೆಳಿಗ್ಗೆ ದಡದಲ್ಲೇ ಎಲ್ಲರಿಗೂ ಬಿಡಿಸಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ, ಸಂಕೋಚ ಬೇಡ.

ಇನ್ನು ಉಸಿರಿನ ಮಾತು. ನಿಮ್ಮ ಈಜು ಕೈಕೊಡಲಿಲ್ಲ, ಉಸಿರಿನ ಲಯ ತಪ್ಪಿತು. ತಣ್ಣೀರು ಮೈಗೆ ತಾಗಿದ ಕೂಡಲೇ ನಾವು ಹಾ ಅಂತ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತೇವೆ. ಆಮೇಲೆ ಉಸಿರಾಟ ಓಡಲು ಶುರುವಾಗುತ್ತದೆ, ಎದೆ ಬಡಿತ ಏರುತ್ತದೆ. ನೀರು 25 ಡಿಗ್ರಿಗಿಂತ ಕೆಳಗಿದ್ದರೂ ಇದು ಶುರುವಾಗಬಹುದು, 15ಕ್ಕಿಂತ ಕೆಳಗೆ ಹೋದರೆ ಇನ್ನೂ ಜೋರು. ಮೊದಲ ಅರ್ಧ ನಿಮಿಷ ತುಂಬಾ ಕಷ್ಟ. ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಆ ಹೊತ್ತಿನಲ್ಲೇ ಸೀಟಿ ಊದಿರುತ್ತಾರೆ, ಅಕ್ಕಪಕ್ಕ ಕೈಕಾಲು ಬಡಿಯುತ್ತಿರುತ್ತವೆ. ಕೆಳಗೆ ಪೂಲ್‌ನ ನೀಲಿ ಟೈಲ್ಸ್ ಇಲ್ಲ, ಬರೀ ಕಂದು ನೀರು. ಹೆದರಿಕೆ ಆಗದೆ ಇರುತ್ತದಾ?

ಹೆದರಿದಾಗ ನಾವು ಉಸಿರು ಬಿಡುವುದನ್ನೇ ಮರೆಯುತ್ತೇವೆ. ತಲೆ ಎತ್ತಿದಾಗಲೆಲ್ಲ ಒಳಗೆ ಎಳೆಯುತ್ತೇವೆ, ಮುಖ ಮುಳುಗಿದಾಗ ಬಿಗಿಹಿಡಿಯುತ್ತೇವೆ. ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ, ಉಸಿರು ಸಾಲುತ್ತಿಲ್ಲ ಅನ್ನಿಸುವುದು ಅದರಿಂದ. ಇನ್ನೂ ಜೋರಾಗಿ ಎಳೆದುಕೊಂಡರೆ ಪ್ರಯೋಜನವಿಲ್ಲ. ಒಳಗೆ ಜಾಗವೇ ಇರುವುದಿಲ್ಲ.

ಹಾಗಾಗಿ ಮುಂದಿನ ಸಲ ಸೀಟಿಗೆ ಹತ್ತು ನಿಮಿಷ ಮೊದಲೇ ನೀರಿಗೆ ಇಳಿಯಿರಿ. ಕುತ್ತಿಗೆಗೆ, ಮುಖಕ್ಕೆ ನೀರು ಎರಚಿಕೊಳ್ಳಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ, ಬುಳುಬುಳು ಅಂತ ಗುಳ್ಳೆ ಬರುವ ಹಾಗೆ ಉಸಿರು ಬಿಡಿ. ಗುಳ್ಳೆ ಒಂದೇ ಸಮ ಬರುವವರೆಗೂ ಮಾಡಿ. ಸೀಟಿ ಊದಿದಾಗ ಗುಂಪಿನ ನಡುವೆ ಬೇಡ, ಹಿಂದೆ ಒಂದು ಬದಿಗೆ ನಿಲ್ಲಿ. ಮೊದಲ ನೂರು ಮೀಟರ್ ಬ್ರೆಸ್ಟ್ ಸ್ಟ್ರೋಕ್ ಆದರೂ ಪರವಾಗಿಲ್ಲ. ಆದರೂ ಉಸಿರು ತಪ್ಪಿದರೆ ಅಂಗಾತ ತಿರುಗಿ, ಕಿವಿ ಮುಳುಗುವ ಹಾಗೆ ತಲೆ ಹಿಂದಕ್ಕೆ ಬಿಟ್ಟು ತೇಲಿ. ಹೀಗೆ ತೇಲುವುದು ಬರದವರನ್ನು ನಾನು ಕೆರೆಗೆ ಇಳಿಸುವುದೇ ಇಲ್ಲ, ಎಷ್ಟೇ ವೇಗವಾಗಿ ಈಜಲಿ.

ಗಾಗಲ್ಸ್‌ಗೆ ಸುಲಭದ ಉಪಾಯ ಇದೆ. ಒಂದು ಕ್ಯಾಪ್ ಹಾಕಿ, ಅದರ ಮೇಲೆ ಗಾಗಲ್ಸ್ ಪಟ್ಟಿ, ಪಟ್ಟಿಯ ಮೇಲೆ ಆಯೋಜಕರು ಕೊಟ್ಟ ಕ್ಯಾಪ್. ಒದೆ ಬಿದ್ದರೂ ಕಳೆದುಹೋಗುವುದಿಲ್ಲ. ದಾರಿ ತಪ್ಪುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಾಳಿಗೆ ಅಲೆ ಎದ್ದರೆ ತೇಲುವ ಗುರುತು ಕಣ್ಣಿಗೇ ಬೀಳುವುದಿಲ್ಲ. ಅದರ ನೇರಕ್ಕೆ ದಡದಾಚೆ ಇರುವ ಎತ್ತರದ ಮರವನ್ನೋ ಗುಡ್ಡದ ನೆತ್ತಿಯನ್ನೋ ಮೊದಲೇ ನೋಡಿಟ್ಟುಕೊಳ್ಳಿ. ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣಷ್ಟೇ ಮೇಲೆತ್ತಿ ಅದನ್ನು ನೋಡಿ.

ಮತ್ತೆ ಹೆಸರು ಕೊಡಿ ಮೇಡಂ. ಈಜು ನಿಮಗೆ ಬರುತ್ತದೆ.

ಪ್ರಶ್ನೆ: ನಾನು ಚಿಕ್ಕಮಗಳೂರಿನವನು, 47 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಈಜು ಅರ್ಧ ಆಗುವಷ್ಟರಲ್ಲಿ ಕೆಮ್ಮು ಶುರುವಾಯಿತು. ಎದೆಯಲ್ಲಿ ಗೊರಗೊರ, ಉಗುಳಿದರೆ ತೆಳು ಗುಲಾಬಿ ನೊರೆ. ಕೆರೆ ನೀರು ಕುಡಿದಿದ್ದಕ್ಕೆ ಹೀಗಾಯಿತು ಅಂದರು. ಮರುದಿನ ಸರಿಹೋಯಿತು. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ಸರ್. ಈ ವಾರವೇ ಹೃದಯದ ಡಾಕ್ಟರಿಗೆ ತೋರಿಸಿ. ಗುಲಾಬಿ ನೊರೆ, ಬಿಪಿ ಇವೆರಡನ್ನೂ ಮುಚ್ಚಿಡದೆ ಹೇಳಿ. ಈಜುವಾಗ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಅದು ಕುಡಿದ ನೀರಲ್ಲ, ಮೈಯೊಳಗಿನದೇ. ನೀರಿನಲ್ಲಿದ್ದಾಗ ಕೈಕಾಲಿನ ರಕ್ತ ಎದೆಯ ಕಡೆ ಒತ್ತಿ ಬರುತ್ತದೆ, ತಣ್ಣಗಿದ್ದರೆ ರಕ್ತನಾಳಗಳೂ ಬಿಗಿಯುತ್ತವೆ. ಒತ್ತಡ ಏರಿ ಶ್ವಾಸಕೋಶದೊಳಗೆ ದ್ರವ ಒಸರುತ್ತದೆ. ಬಿಪಿ ಇರುವವರಿಗೆ ಅಪಾಯ ಜಾಸ್ತಿ. ಒಂದೆರಡು ದಿನದಲ್ಲಿ ಇಳಿದುಹೋದರೂ ಮತ್ತೆ ಬರಬಹುದು. ನಿಮಗೆ ಆಗಿದ್ದು ಅದೇನಾ ಅಂತ ಹೇಳಬೇಕಾದವರು ಡಾಕ್ಟರ್. ಅವರು ಒಪ್ಪುವವರೆಗೂ ಈಜು ಬೇಡ. ಈಜುವಾಗ ಯಾರಿಗೇ ಹೀಗಾದರೂ ಕೈ ಎತ್ತಿ ಸಹಾಯ ಕೇಳಬೇಕು. ದಡದಲ್ಲಿ ಮಲಗಿಸಬಾರದು, ನೆಟ್ಟಗೆ ಕೂರಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಾದ ಸಾವು ಮತ್ತು ಹೃದಯ ಸ್ತಂಭನಗಳನ್ನು ವೈದ್ಯರು ಲೆಕ್ಕ ಹಾಕಿದರು. ಒಟ್ಟು 135 ಪ್ರಕರಣ. ಅದರಲ್ಲಿ 90 ನೀರಿನಲ್ಲೇ ಆದವು. ಹೆಚ್ಚಿನವರು ನಡುವಯಸ್ಸಿನ ಗಂಡಸರು. ಭಾಗವಹಿಸಿದವರ ಸಂಖ್ಯೆ ನೋಡಿದರೆ ಇದು ಅಪರೂಪ, ನಿಜ. ಆದರೆ ನಲವತ್ತು ದಾಟಿದವರು ಸೈಕಲ್‌ಗೆ ದುಡ್ಡು ಸುರಿಯುವ ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಲಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದಲ್ಲಿ ಕೆರೆಯೂ ಇದೆ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಇದೆ. ಟ್ರಯಥ್ಲಾನ್‌ಗೆ ಎಲ್ಲಿ ಅಭ್ಯಾಸ ಮಾಡಲಿ?

ಉತ್ತರ: ಹೊಂಡದಲ್ಲಿ ಬೇಡವೇ ಬೇಡ ತಮ್ಮಾ. ಪ್ಲಾಸ್ಟಿಕ್ ಹಾಸಿದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಒಳ್ಳೆ ಈಜುಗಾರರೂ ಮೇಲೆ ಹತ್ತಲಾಗದೆ ಸುಸ್ತಾಗಿ ಮುಳುಗುತ್ತಾರೆ. ಇವತ್ತೇ ಅದಕ್ಕೆ ಸುತ್ತ ಬೇಲಿ ಹಾಕಿಸಿ, ಗಂಟು ಹಾಕಿದ ಹಗ್ಗವನ್ನು ನಾಲ್ಕೂ ಕಡೆ ಗೂಟಕ್ಕೆ ಕಟ್ಟಿ ಇಳಿಬಿಡಿ.

ಕೆರೆಯಲ್ಲಿ ಆಗಬಹುದು, ಆದರೆ ಒಬ್ಬರೇ ಬೇಡ. ಈಜು ಬರುವವರೊಬ್ಬರು ದಡದಲ್ಲೇ ಇರಲಿ, ಕೈಯಲ್ಲಿ ಹಗ್ಗ, ಗಾಳಿ ತುಂಬಿದ ಟ್ಯೂಬ್ ಇರಲಿ. ಸೊಂಟಕ್ಕೆ ಕಟ್ಟುವ ಬಣ್ಣದ ತೇಲುಚೀಲ ಸಿಗುತ್ತದೆ, ತರಿಸಿಕೊಳ್ಳಿ. ಹೂಳಿರುವ ಕಡೆ ಕಾಲೂರಬೇಡಿ. ಅಂತರಗಂಗೆಯೋ ಜೊಂಡೋ ಕಾಲಿಗೆ ಸುತ್ತಿಕೊಂಡರೆ ಒದೆಯಬೇಡಿ, ಒದ್ದಷ್ಟೂ ಬಿಗಿಯುತ್ತದೆ. ನಿಧಾನವಾಗಿ ಕೈಯಿಂದ ಬಿಡಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ ಬನ್ನಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸುವಾಗ ಪಂಪ್ ಬಂದ್ ಮಾಡಿಸಿಯೇ ಇಳಿಯಿರಿ, ನೀರೆಳೆಯುವ ಪೈಪಿನ ಹತ್ತಿರ ಹೋಗಬೇಡಿ. ಗೊರೂರು, ಯಗಚಿ ಹಿನ್ನೀರಿಗೆ ಹೋಗುವ ಆಸೆ ಇದ್ದರೆ ಮೊದಲು ನೀರಾವರಿ ಇಲಾಖೆಯ ಅನುಮತಿ ಕೇಳಿ, ಕೊಡದಿದ್ದರೆ ಇಳಿಯಬೇಡಿ.