ಅಮೆರಿಕದ ಟಿವಿ ಸರಣಿಯ ಪೊಲೀಸ್ ಪತ್ತೇದಾರ ಕೊಲಂಬೊ ಪಾತ್ರದ ಪೀಟರ್ ಫಾಕ್ ನಟನಾಗುವ ಮುಂಚೆ ಏನು ಮಾಡುತ್ತಿದ್ದರು?

ಸರ್ಕಾರಿ ಕೆಲಸ! ಕನೆಕ್ಟಿಕಟ್ ರಾಜ್ಯದ ಬಜೆಟ್ ಕಚೇರಿಯಲ್ಲಿದ್ದರು. ಅದನ್ನು ಬಿಟ್ಟು ನಟನೆಗೆ ಬಂದಾಗ ವಯಸ್ಸು ಮೂವತ್ತರ ಹತ್ತಿರ.

ಹುಟ್ಟಿದ್ದು 1927ರಲ್ಲಿ, ನ್ಯೂಯಾರ್ಕಿನಲ್ಲಿ. ಮೂರು ವರ್ಷದವರಿದ್ದಾಗ ಕ್ಯಾನ್ಸರ್ ಗಡ್ಡೆಯಿಂದ ಬಲಗಣ್ಣು ತೆಗೆದರು. ಆಮೇಲೆ ಜೀವನಪೂರ್ತಿ ಗಾಜಿನ ಕಣ್ಣು. ಅವರೇ ಹೇಳುತ್ತಿದ್ದ ಒಂದು ಕಥೆ ಇದೆ. ಹೈಸ್ಕೂಲಿನ ಬೇಸ್‌ಬಾಲ್ ಪಂದ್ಯದಲ್ಲಿ ಅಂಪೈರ್ ಔಟ್ ಕೊಟ್ಟರಂತೆ. ಇವರು ಸೀದಾ ಗಾಜಿನ ಕಣ್ಣು ತೆಗೆದು ಅಂಪೈರ್ ಕೈಗಿಟ್ಟು, ಇದನ್ನು ಹಾಕಿಕೊಂಡು ನೋಡಿ ಅಂದರಂತೆ!

ಮೊದಮೊದಲ ಸಿನಿಮಾಗಳಿಗೇ ಎರಡು ಸಲ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಆದರೆ ಮನೆಮಾತಾಗಿಸಿದ್ದು ಟಿವಿ. ಕೊಲಂಬೊ ಆಗಿ ಮೊದಲು ಬಂದಿದ್ದು 1968ರಲ್ಲಿ, ಸರಣಿ ಶುರುವಾಗಿದ್ದು 1971ರಲ್ಲಿ. ಕೊಲೆ ಮಾಡಿದ್ದು ಯಾರು ಅಂತ ಮೊದಲೇ ತೋರಿಸಿಬಿಡುತ್ತಾರೆ. ಮಜಾ ಇರುವುದು ಅವನು ಸಿಕ್ಕಿಬೀಳುವುದರಲ್ಲಿ. ಸುಕ್ಕುಗಟ್ಟಿದ ರೇನ್‌ಕೋಟ್ ಹಾಕಿ, ಸಿಗಾರ್ ಹಿಡಿದು, ಪೆದ್ದನ ಥರ ತಲೆ ಕೆರೆದುಕೊಳ್ಳುತ್ತಾ ಹೊರಟವರು ಬಾಗಿಲ ಹತ್ತಿರ ತಿರುಗಿ, 'ಇನ್ನೊಂದೇ ಒಂದು ವಿಷಯ' ಅಂತಾರಲ್ವಾ, ಅಲ್ಲಿಗೆ ಕೊಲೆಗಾರನ ಕಥೆ ಮುಗಿದಂತೆ. ಆ ಕೋಟು ಫಾಕ್ ಅವರ ಸ್ವಂತದ್ದೇ.

ಈ ಪಾತ್ರಕ್ಕೆ ಅಮೆರಿಕದ ಟಿವಿ ಲೋಕದ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿ ನಾಲ್ಕು ಸಲ ಬಂತು. 2003ರವರೆಗೂ ಕೊಲಂಬೊ ಆಗಿ ನಟಿಸಿದರು. 2011ರಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು.