ಪಟ್ಟೆಯ ಹಕೀಕ್ ಮಾಲೆ: ಗುಲಾಬಿ ತಗೊಳ್ಳಲಾ, ನೀಲಿ ತಗೊಳ್ಳಲಾ?

ಹಕೀಕ್ ಅನ್ನುವ ಪಟ್ಟೆ ಕಲ್ಲಿನ ಮಾಲೆ ಕೊಳ್ಳಬೇಕು, ಗುಲಾಬಿಯಾ ನೀಲಿಯಾ ಅಂತ ಕೇಳಿದ್ದೀರಿ. ಚಾಕುವಿನಲ್ಲಿ ಗೀರಿದರೂ ಗೀರು ಬೀಳಲಿಲ್ಲ, ಹಾಗಾಗಿ ಕಲ್ಲು ಅಸಲಿ ಅಂದುಕೊಂಡಿದ್ದೀರಿ. ನಾನೂ ಖಂಭಾತ್‌ನಲ್ಲಿ ಹೀಗೇ ಮಾಡಿದ್ದೆ.

ಗುಜರಾತಿನ ಆ ಊರಲ್ಲಿ ಹಕೀಕ್, ಅಂದರೆ ಅಗೇಟ್, ಕಡೆಯುವುದು ತಲೆತಲಾಂತರದ ಕಸುಬು. ತಂಗಿಯ ಮದುವೆಗೆ ಗಾಢ ಗುಲಾಬಿ ಪಟ್ಟೆಯ ಮಾಲೆ ಆರಿಸಿದೆ. ಸಹಜ ಬಣ್ಣ ಅಂತ ಅಂಗಡಿಯವರು ಅಂದರು. ಗೀರಿ ನೋಡಿ, ಕೇಳಿದಷ್ಟು ದುಡ್ಡು ಕೊಟ್ಟೆ. ಅವಳು ಅದನ್ನು ಕಿಟಕಿ ಪಕ್ಕ ತೂಗುಹಾಕಿದ್ದಳು. ಬಿಸಿಲಿಗೆ ಗುಲಾಬಿಯೆಲ್ಲ ಮಾಸಿ ಬೂದು ಬಣ್ಣ ಉಳಿಯಿತು.

ನಾನು ಎಡವಿದ್ದು ಆ ಚಾಕುವಿನಲ್ಲೇ. ಹಕೀಕ್ ಸಿಲಿಕಾದ, ಅಂದರೆ ಮರಳಿನಲ್ಲಿರುವ ಖನಿಜದ, ಕಲ್ಲು. ಕಲ್ಲುಗಳ ಗಡಸುತನ ಹೇಳುವ, 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಅದರ ಗಡಸುತನ 6.5ರಿಂದ 7, ಹಾಗಾಗಿ ಚಾಕುವಿಗೆ ಗೀರು ಬೀಳಲ್ಲ. ಬಣ್ಣ ಕುಡಿಸಿದ ಹಕೀಕ್ ಕೂಡ ಅಷ್ಟೇ ಗಟ್ಟಿ! ಚಾಕು ಗಡಸುತನ ಹೇಳುತ್ತದೆ, ಬಣ್ಣದ ಬಗ್ಗೆ ಏನೂ ಹೇಳಲ್ಲ. ಇನ್ನೊಂದು ವಿಷಯವೂ ನನಗೆ ಆಗ ಗೊತ್ತಿರಲಿಲ್ಲ. ಲಾವಾ ಶಿಲೆಯ ಪೊಳ್ಳುಗಳಲ್ಲಿ ಸಿಲಿಕಾ ಪದರ ಪದರವಾಗಿ ಕೂತು ಈ ಪಟ್ಟೆಗಳಾಗುತ್ತವೆ. ಕೆಲವು ಪದರಗಳಲ್ಲಿ ಸಣ್ಣ ರಂಧ್ರಗಳಿರುತ್ತವೆ, ಅವು ಬಣ್ಣ ಹೀರುತ್ತವೆ. ದಟ್ಟ ಪದರಗಳು ಬೆಳ್ಳಗೇ ಉಳಿಯುತ್ತವೆ. ಪಟ್ಟೆ ಎದ್ದು ಕಾಣುವುದೇ ಸಹಜತೆಯ ಗುರುತು ಅಂತ ನಾನು ನಂಬಿದ್ದೆ. ಬಣ್ಣ ಹಾಕಿದಾಗಲೇ ಅದು ಜಾಸ್ತಿ ಎದ್ದು ಕಾಣುತ್ತದೆ.

ಹಾಗಾಗಿ 'ಅಸಲಿಯಾ, ನಕಲಿಯಾ' ಅಂತ ಕೇಳಲೇಬೇಡಿ. ಬಣ್ಣ ಕುಡಿಸಿದ್ದು, ಕುಡಿಸದ್ದು ಎರಡೂ ಅಸಲಿ ಕಲ್ಲೇ. 'ಈ ಬಣ್ಣ ಎಲ್ಲಿಂದ ಬಂತು' ಅಂತ ಕೇಳಿ. ಕಾಯಿಸಿದ್ದಾದರೆ ನನ್ನ ತಕರಾರಿಲ್ಲ. ಗುಜರಾತಿನಲ್ಲೇ ಹಕೀಕ್ ಸಿಗುವ ರತನ್‌ಪುರದ ಹಳದಿ, ಕಂದು ಕಲ್ಲನ್ನು ಮಡಕೆಯಲ್ಲಿಟ್ಟು ಬೆರಣಿ ಬೆಂಕಿಯಲ್ಲಿ ಕಾಯಿಸಿದರೆ ಒಳಗಿನ ಕಬ್ಬಿಣವೇ ಕೆಂಪಾಗುತ್ತದೆ. ಆ ಕೆಂಪು ಮಾಸಲ್ಲ.

ಗುಲಾಬಿ, ನೀಲಿ ಎರಡನ್ನೂ ಬಿಡಿ. ಅಂಥ ಕಡು ಬಣ್ಣದ ಮಾಲೆಗಳು ಸಾಮಾನ್ಯವಾಗಿ ಬಣ್ಣ ಕುಡಿಸಿದವೇ. ಬೂದು, ಕಂದು, ಜೇನು ಬಣ್ಣದ ಪಟ್ಟೆ ಹುಡುಕಿ. ಪ್ರಯೋಗಾಲಯದಲ್ಲಿ ಪುಡಿ ಅರೆಯುವ ಕುಟ್ಟಾಣಿಗೆ, ಚಿನ್ನದ ರೇಕು ಉಜ್ಜಿ ಹೊಳಪು ಕೊಡುವ ಉಪಕರಣಕ್ಕೆ ಬಳಸುವ ಗಟ್ಟಿ ಕಲ್ಲು ಇದು. ಅದಕ್ಕೆ ಎರವಲು ಬಣ್ಣ ಯಾಕೆ ಬೇಕು, ಅಲ್ವಾ?

ತಗೊಳ್ಳುವ ಮೊದಲು ಲೆನ್ಸ್ ಹಿಡಿದು ಬಿರುಕು, ಮಣಿಯ ತೂತು ನೋಡಿ. ಅಲ್ಲಿ ಬಣ್ಣ ಗಾಢವಾಗಿ ನಿಂತಿದ್ದರೆ ಅದು ಹೊರಗಿನಿಂದ ಬಂದದ್ದು. ಅಂಗಡಿಯವರು ಒಪ್ಪಿದರೆ ಅಸಿಟೋನ್ ಹಚ್ಚಿದ ಹತ್ತಿಯಿಂದ ಒಂದು ಮಣಿ ಒರೆಸಿ. ಹತ್ತಿಗೆ ಏನೂ ಅಂಟದಿದ್ದರೂ ಪೂರ್ತಿ ನಂಬಬೇಡಿ, ಕೆಲವು ಬಣ್ಣ ಬಿಡುವುದೇ ಇಲ್ಲ. ಸಹಜ ಬಣ್ಣ ಅಂತ ಬಿಲ್‌ನಲ್ಲಿ ಬರೆದುಕೊಡದಿದ್ದರೆ ಸಹಜ ಬಣ್ಣದ ಬೆಲೆ ಕೊಡಬೇಡಿ.